ಬೆಂಗಳೂರಿನ ಬಂಕ್ ಪೆಟ್ರೋಲ್: ಅಳತೆ ಕೇಳಿ, ಮೂಲ ಕೇಳಬೇಡಿ

ಬಂಕಿನಲ್ಲಿ ಗಿರಾಕಿಗೆ ತಿಳಿಸುವುದು ಮೂರೇ ಸಂಗತಿ: ದರ, ಲೀಟರ್, ಡೆನ್ಸಿಟಿ. ಅಳತೆಯ ಮೇಲೆ ಅನುಮಾನವಿದ್ದರೆ ಮಾಪನ ಇಲಾಖೆಯ ಮುದ್ರೆಯುಳ್ಳ 5 ಲೀಟರ್ ಕ್ಯಾನ್ ಕೇಳಿ, ಕೊಡಲೇಬೇಕು. 25 ಮಿ.ಲೀ. ಮೀರಿ ಕೊರತೆ ಬಂದರೆ ಒಪ್ಪಬೇಡಿ. ಕಲಬೆರಕೆಗೆ ಫಿಲ್ಟರ್ ಪೇಪರ್ ಇದೆ. ನಾಝಲ್ ಬಾಯಿ ಒರೆಸಿ ಒಂದು ಹನಿ ಬಿಟ್ಟರೆ ಎರಡು ನಿಮಿಷದೊಳಗೆ ಜಿಡ್ಡು ಉಳಿಯದೆ ಆರಬೇಕು.

ಸರಕು ಇ20. ಐದನೇ ಒಂದು ಪಾಲು ಎಥನಾಲ್, ಅದರ ಶಕ್ತಿಯೋ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಕಡಿಮೆ. ಅಂದರೆ ಶುದ್ಧ ಪೆಟ್ರೋಲಿಗೆ ಹೋಲಿಸಿದರೆ ಲೀಟರಿಗೆ ಶೇ 6–7ರಷ್ಟು ಶಕ್ತಿ ಖೋತಾ. ಮಳೆಗಾಲದಲ್ಲಿ ನೆಲದಡಿಯ ಟ್ಯಾಂಕಿಗೆ ನೀರು ಸೇರಿದರೆ ಎಥನಾಲ್ ಅದರ ಜೊತೆ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಅದು ಗಾಡಿಗೆ ಬಂದರೆ ಎಂಜಿನ್ ಮಿಸ್ ಹೊಡೆಯುತ್ತದೆ.

ತಿಳಿಸದಿರುವುದು ಕಚ್ಚಾ ತೈಲದ ಮೂಲ. ಮಂಗಳೂರಿನಿಂದ ಹಾಸನದ ಮೇಲೆ 362 ಕಿ.ಮೀ. ಪೈಪ್‌ಲೈನಿನಲ್ಲಿ ಬೆಂಗಳೂರು ಬಳಿಯ ದೇವನಗೊಂದಿಗೆ ಬರುವ ಪೆಟ್ರೋಲ್ ಯಾವ ದೇಶದ ಬಾವಿಯದು ಎಂದು ಬಂಕಿನವರಿಗೂ ಗೊತ್ತಿರುವುದಿಲ್ಲ. ಹವಾಮಾನದ ಲೆಕ್ಕದಲ್ಲಿ ಇದು ಸಣ್ಣ ವಿಷಯವಲ್ಲ. ಸೌದಿಯ ತೈಲ ಎತ್ತಲು ಬ್ಯಾರೆಲಿಗೆ ಕೆಲವೇ ಡಾಲರ್ ಸಾಕು, ಹೊಗೆಯೂ ಕಡಿಮೆ. ಆದರೆ ಬೆಲೆ ಬೀಳದಿರಲೆಂದು ತೈಲ ರಫ್ತು ದೇಶಗಳ ಒಪೆಕ್ ಕೂಟ ಇಂಥ ತೈಲವನ್ನೇ ಕೋಟಾ ಹಾಕಿ ತಡೆಹಿಡಿಯುತ್ತದೆ. 2020ರ ಏಪ್ರಿಲ್‌ನಲ್ಲಿ ರಷ್ಯಾದಂಥ ದೇಶಗಳೂ ಸೇರಿದ ಒಪೆಕ್ ಪ್ಲಸ್ ಒಪ್ಪಿದ್ದು ದಿನಕ್ಕೆ 97 ಲಕ್ಷ ಬ್ಯಾರೆಲ್ ಕಡಿತಕ್ಕೆ! ಬೆಲೆ ಏರಿದಾಗ ಕೆನಡಾದ ತೈಲಮರಳಿಗೂ ಗಿಟ್ಟುತ್ತದೆ. ಆ ಡಾಂಬರಿನಂಥ ಸರಕನ್ನು ಆಳದಿಂದ ಎತ್ತಲು ಗ್ಯಾಸ್ ಉರಿಸಿ ಹಬೆ ನುಗ್ಗಿಸಬೇಕು. ಹಾಗಾಗಿ ಬಾವಿಯ ಹಂತದಲ್ಲೇ ಇಂಗಾಲ ಹೆಚ್ಚು.

ಹಾಗಂತ ಕೂಟದಿಂದ ಭೂಮಿಗೆ ನಷ್ಟವೇ ಎಂದರೆ, ಒಟ್ಟಾರೆ ಇಲ್ಲ. ತೈಲದ ಇಂಗಾಲದಲ್ಲಿ ಬಹುಪಾಲು ಹೊರಬರುವುದು ಉರಿಸುವಾಗ, ಲೀಟರ್ ಪೆಟ್ರೋಲಿಗೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್. ದುಬಾರಿಯಾದಷ್ಟೂ ಉರಿಸುವುದು ಕಡಿಮೆ. ಕೂಟದ ದುರಾಸೆ ಇಂಗಾಲ ತೆರಿಗೆಯ ಕೆಲಸ ಮಾಡುತ್ತದೆ, ವಸೂಲಿ ಮಾತ್ರ ಬೇರೆಯವರ ಖಜಾನೆಗೆ. ಕೂಟ ಮುರಿದು ತೈಲ ಅಗ್ಗವಾದರೆ ಪ್ರತಿ ಬ್ಯಾರೆಲ್ ಶುದ್ಧವಾದೀತು, ಒಟ್ಟು ಹೊಗೆ ಹೆಚ್ಚೀತು.

ನಮ್ಮೂರ ದರದಲ್ಲಿ ಈ ಏರಿಳಿತವೆಲ್ಲ ನೇರವಾಗಿ ಕಾಣುವುದಿಲ್ಲ, ನಡುವೆ ತೆರಿಗೆ ಕೂತಿದೆ. 2024ರ ಜೂನ್‌ನಲ್ಲಿ ರಾಜ್ಯ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿತು. 2025ರ ಏಪ್ರಿಲ್‌ನಲ್ಲಿ ಕಚ್ಚಾ ತೈಲ ಅಗ್ಗವಾದಾಗ ಕೇಂದ್ರ ಲೀಟರಿಗೆ 2 ರೂ. ಅಬಕಾರಿ ಸುಂಕ ಹೆಚ್ಚಿಸಿತು. ಬಂಕಿನ ದರ ಕದಲಲಿಲ್ಲ.