ತೈಪೆಯಲ್ಲಿ ಒಂದು ಬೆಳಿಗ್ಗೆ ಫು ಹಾಂಗ್ ಸೋಯಾ ಹಾಲಿನ ಅಂಗಡಿಗೆ ಹೋಗಿ

ತೈವಾನ್‌ಗೆ ಹೊರಟವರೆಲ್ಲ ಮೊದಲು ಕೇಳುವುದು ನೈಟ್ ಮಾರ್ಕೆಟ್ ಬಗ್ಗೆ. ನೈಟ್ ಮಾರ್ಕೆಟ್ ಚೆನ್ನಾಗಿಯೇ ಇರುತ್ತದೆ, ಖಂಡಿತ ಹೋಗಿ ಬನ್ನಿ. ಆದರೆ ತೈಪೆಯಲ್ಲಿ ಒಂದೇ ಒಂದು ಕಡೆ ಕೂತು ತಿನ್ನಲು ಟೈಮ್ ಇದೆ ಅಂದರೆ ನಾನು ಹೇಳುವುದು ಬೆಳಗಿನ ತಿಂಡಿ, ಅದೂ ಫು ಹಾಂಗ್ ದೋಜಿಯಾಂಗ್ ಅನ್ನುವ ಸೋಯಾ ಹಾಲಿನ ಅಂಗಡಿಯಲ್ಲಿ. ಅಷ್ಟು ದೂರ ಹೋಗಿ ಬರೀ ಸಿಹಿ ಸೋಯಾ ಹಾಲು ಕುಡಿದು ವಾಪಸ್ ಬರಬೇಡಿ. ಅಲ್ಲಿ ತಗೊಳ್ಳಬೇಕಾದದ್ದು ಉಪ್ಪು ಹಾಕಿದ ಬಿಸಿ ಸೋಯಾ ಹಾಲು, ಜೊತೆಗೆ ಒಲೆಯಿಂದ ಆಗತಾನೇ ತೆಗೆದ ದಪ್ಪ ರೊಟ್ಟಿ.

ಜಾಗ ಹುಡುಕಲು ಕಷ್ಟವಿಲ್ಲ. ತೈಪೆ ಮೇನ್ ಸ್ಟೇಷನ್‌ನಿಂದ ಮೆಟ್ರೋ ನೀಲಿ ಲೈನಿನಲ್ಲಿ ಒಂದೇ ಸ್ಟಾಪ್, ಶಾನ್‌ದಾವ್ ಟೆಂಪಲ್. 5ನೇ ಎಕ್ಸಿಟ್‌ನಲ್ಲಿ ಹೊರಗೆ ಬಂದರೆ ಪಕ್ಕದಲ್ಲೇ ಹುವಾಶಾನ್ ಮಾರ್ಕೆಟ್ ಕಟ್ಟಡ. ಅಂಗಡಿ ಅಲ್ಲಿನವರ ಲೆಕ್ಕದಲ್ಲಿ ಎರಡನೇ ಮಹಡಿ, ನಮ್ಮ ಲೆಕ್ಕದಲ್ಲಿ ಮೊದಲನೇ ಮಹಡಿ. ಬೋರ್ಡ್ ಓದಲು ಬರದಿದ್ದರೂ ಪರವಾಗಿಲ್ಲ, ಕ್ಯೂ ಮೆಟ್ಟಿಲು ಇಳಿದು ಫುಟ್‌ಪಾತ್‌ವರೆಗೂ ಬಂದಿರುತ್ತದೆ. ಮಿಶೆಲಿನ್ ಗೈಡ್‌ನ ಬಿಬ್ ಗೂರ್ಮಾ ಪಟ್ಟಿಯಲ್ಲಿ, ಅಂದರೆ ಕಡಿಮೆ ದುಡ್ಡಿಗೆ ಒಳ್ಳೆ ಊಟ ಸಿಗುವ ಕಡೆಗಳ ಪಟ್ಟಿಯಲ್ಲಿ, ಹೆಸರು ಬಂದಿದೆ, ಹಾಗಾಗಿ ಟೂರಿಸ್ಟುಗಳು ಜಾಸ್ತಿ. ಆದರೆ ಕ್ಯೂನಲ್ಲಿ ಅಲ್ಲಿನ ಅಜ್ಜ ಅಜ್ಜಿಯರು, ಆಫೀಸಿಗೆ ಹೊರಟವರು, ಮಕ್ಕಳನ್ನು ಎತ್ತಿಕೊಂಡ ಅಮ್ಮಂದಿರು ಎಲ್ಲರೂ ಇರುತ್ತಾರೆ. ಶನಿವಾರ ಭಾನುವಾರ ಒಂದು ಗಂಟೆಗಿಂತ ಹೆಚ್ಚು ಹೊತ್ತು ನಿಲ್ಲಬೇಕಾಗಬಹುದು. ವಾರದ ದಿನ ಬೇಗ ಹೋಗಿ.

ಕ್ಯೂ ಮೇಲಕ್ಕೆ ಬಂದ ಮೇಲೆ ಗಾಜಿನಾಚೆ ಅಡುಗೆಮನೆ ಪೂರ್ತಿ ಕಾಣುತ್ತದೆ. ನನಗೆ ಆ ಜಾಗ ಬಿಟ್ಟು ಮುಂದೆ ಹೋಗುವ ಮನಸ್ಸೇ ಆಗಲಿಲ್ಲ. ಒಬ್ಬರು ಉದ್ದಕ್ಕೆ ಹಿಟ್ಟು ಲಟ್ಟಿಸುತ್ತಾರೆ, ಇನ್ನೊಬ್ಬರು ಅದರ ಮೇಲೆ ಈರುಳ್ಳಿ ಸೊಪ್ಪು ಹರಡಿ ಮಡಚಿ ಕತ್ತರಿಸುತ್ತಾರೆ, ಮೇಲೆ ಬಿಳಿ ಎಳ್ಳು ಬೀಳುತ್ತದೆ, ಆಮೇಲೆ ಒಬ್ಬರು ತಂದೂರ್ ಥರದ ಗುಂಡಗಿನ ಮಣ್ಣಿನ ಒಲೆಯೊಳಗೆ ತೋಳು ಇಳಿಸಿ ಒಳಗೋಡೆಗೆ ಅದನ್ನು ಪಟ್ ಅಂತ ಅಂಟಿಸುತ್ತಾರೆ. ಯಾರೂ ಯಾರ ಜೊತೆಗೂ ಮಾತಾಡುವುದಿಲ್ಲ, ಕೈ ಮಾತ್ರ ನಿಲ್ಲುವುದಿಲ್ಲ. ಹೊರಗೆ ಬರುವ ರೊಟ್ಟಿಗೆ ಹೋ ಬಿಂಗ್ ಅನ್ನುತ್ತಾರೆ. ಒಂದು ಬೆರಳಿಗಿಂತ ದಪ್ಪ. ಮೇಲ್ಭಾಗ ಕಚ್ಚಿದರೆ ಗರಿಗರಿ, ಎಳ್ಳು ಉದುರುತ್ತದೆ, ಒಳಗೆ ಪದರ ಪದರ ಮೆತ್ತಗೆ, ಸ್ವಲ್ಪ ಉಪ್ಪು, ಈರುಳ್ಳಿ ಸೊಪ್ಪಿನ ಘಮ. ಅದರೊಳಗೆ ಯೋಟಿಯಾವ್ ಇಟ್ಟು ಕೊಡಿ ಅಂತಲೂ ಕೇಳಬಹುದು. ಯೋಟಿಯಾವ್ ಅಂದರೆ ಎಣ್ಣೆಯಲ್ಲಿ ಕರಿದ ಉದ್ದನೆಯ, ಒಳಗೆ ಟೊಳ್ಳಾದ ಹಿಟ್ಟಿನ ಕಡ್ಡಿ. ರೊಟ್ಟಿಯೊಳಗೆ ಇನ್ನೊಂದು ಹಿಟ್ಟಿನ ತಿಂಡಿ ಯಾಕೆ ಅಂತ ಅನಿಸಬಹುದು, ತಿಂದು ನೋಡಿ, ಮೆತ್ತಗಿನದರ ಮಧ್ಯೆ ಆ ಗರಿಗರಿ ಬಹಳ ಚೆನ್ನಾಗಿ ಕೂಡುತ್ತದೆ. ಮೊಟ್ಟೆ ದೋಸೆಯಂಥ ದಾನ್‌ಬಿಂಗ್ ಕೂಡ ಮೆನುವಿನಲ್ಲಿದೆ, ಆದರೆ ಅದು ತೈಪೆಯ ಗಲ್ಲಿ ಗಲ್ಲಿಯ ತಿಂಡಿ ಅಂಗಡಿಯಲ್ಲೂ ಸಿಗುತ್ತದೆ. ಇಲ್ಲಿ ಹೊಟ್ಟೆಯಲ್ಲಿ ಜಾಗ ಉಳಿಸಿಕೊಳ್ಳಿ.

ಈಗ ಹಾಲಿನ ವಿಷಯ. ಉಪ್ಪು ಹಾಕಿದ ಹಾಲು ಬೇಕಾದರೆ ಶಿಯನ್ ದೋಜಿಯಾಂಗ್ ಅಂತ ಕೇಳಬೇಕು. ಬಟ್ಟಲಿನ ತಳದಲ್ಲಿ ಸ್ವಲ್ಪ ವಿನಿಗರ್, ಒಣ ಸೀಗಡಿ, ಉಪ್ಪಿನಲ್ಲಿ ಹಾಕಿಟ್ಟ ತರಕಾರಿಯ ಚೂರು, ಈರುಳ್ಳಿ ಸೊಪ್ಪು ಇರುತ್ತವೆ. ಅದರ ಮೇಲೆ ಕುದಿಯುವಷ್ಟು ಬಿಸಿ ಸೋಯಾ ಹಾಲು ಸುರಿಯುತ್ತಾರೆ. ನಿಂಬೆರಸ ಬಿದ್ದ ಹಾಲಿನ ಹಾಗೆ ಅದು ನಿಮ್ಮ ಕಣ್ಣೆದುರೇ ಒಡೆಯುತ್ತದೆ, ಆದರೆ ನೀರು ನೀರಾಗುವುದಿಲ್ಲ, ಮೆತ್ತನೆಯ ಸಣ್ಣ ಸಣ್ಣ ಗಂಟುಗಳಾಗಿ ನಿಲ್ಲುತ್ತದೆ. ಮೇಲೆ ಯೋಟಿಯಾವ್ ತುಂಡುಗಳು, ಬೇಕಾದರೆ ಖಾರದ ಎಣ್ಣೆ. ಮೊದಲ ಚಮಚ ನಾಲಿಗೆಗೆ ಹೊಸದು, ಸೋಯಾ ಹಾಲು ಅಂದರೆ ಸಿಹಿ ಅಂತಲೇ ಅಲ್ವಾ ನಮಗೆ ಗೊತ್ತಿರುವುದು. ಎರಡನೇ ಚಮಚಕ್ಕೆ ಹುಳಿ, ಉಪ್ಪು, ಬೇಳೆ ಬೆಂದಂಥ ಪರಿಮಳ ಎಲ್ಲ ಬೇರೆ ಬೇರೆಯಾಗಿ ತಿಳಿಯುತ್ತವೆ. ತಣ್ಣಗಿನ ಬೆಳಿಗ್ಗೆ ಇದಕ್ಕಿಂತ ಹಿತವಾದ ತಿಂಡಿ ತೈಪೆಯಲ್ಲಿ ನನಗೆ ಸಿಕ್ಕಿಲ್ಲ. ಬಂದ ತಕ್ಷಣ ತಿನ್ನಿ. ಸುಮ್ನೆ ಫೋಟೋ ತೆಗೆಯುತ್ತ ಕೂತರೆ ಯೋಟಿಯಾವ್ ನೆನೆದು ಹೋಗುತ್ತದೆ. ಇದೇ ಕಾರಣಕ್ಕೆ ಇದನ್ನು ಪಾರ್ಸೆಲ್ ಮಾಡಿಸಬಾರದು. ಸಿಹಿ ಹಾಲು, ಹೋ ಬಿಂಗ್ ಬೇಕಾದರೆ ಕಟ್ಟಿಸಿಕೊಳ್ಳಿ, ಆದರೆ ತೈಪೆ ಮೆಟ್ರೋದೊಳಗೆ ತಿನ್ನುವುದು ಕುಡಿಯುವುದು ಎರಡಕ್ಕೂ ದಂಡ ಇದೆ, 1,500 ತೈವಾನ್ ಡಾಲರ್‌ನಿಂದ ಶುರು.

ಈ ತಿಂಡಿ ಅಲ್ಲಿ ಬೇರೂರಿದ ಕಥೆಯೂ ದೊಡ್ಡದು. ಮುಂಚೆ ತೈವಾನಿನ ಬೆಳಗಿನ ಊಟ ಹೆಚ್ಚಾಗಿ ಅಕ್ಕಿ ಗಂಜಿ. 1949ರ ಸುಮಾರಿಗೆ ಚೀನಾದ ಅಂತರ್ಯುದ್ಧ ಸೋತ ಕಡೆಯವರು ಲಕ್ಷಗಟ್ಟಲೆ ಜನ ದ್ವೀಪಕ್ಕೆ ಬಂದರು. ಅವರಲ್ಲಿ ಗೋಧಿ ತಿನ್ನುವ ಉತ್ತರದ ಕಡೆಯವರೂ ಇದ್ದರು, ರೊಟ್ಟಿ ಸೋಯಾ ಹಾಲು ಮಾರಿಯೇ ಹೊಟ್ಟೆ ಹೊರೆದರು. 1951ರಿಂದ 1965ರವರೆಗೆ ಅಮೆರಿಕದ ನೆರವಿನಲ್ಲಿ ಗೋಧಿ ಬಂತು, ಹಿಟ್ಟಿನ ತಿಂಡಿ ಅಗ್ಗವಾಗಿ ಎಲ್ಲರ ಮನೆ ಸೇರಿತು. ತೈಪೆಯಿಂದ ನದಿಯಾಚೆ ಇರುವ ಯೋಂಗ್‌ಹೆ ಇಂಥ ಅಂಗಡಿಗಳಿಂದಲೇ ಹೆಸರಾಯಿತು, ಇವತ್ತಿಗೂ ಊರೂರಲ್ಲಿ ಯೋಂಗ್‌ಹೆ ಹೆಸರಿನ ಸೋಯಾ ಹಾಲಿನ ಅಂಗಡಿ ಕಾಣುತ್ತವೆ. ಊರು ಬಿಟ್ಟು ಬಂದವರು ಕೈಯಲ್ಲಿದ್ದ ಕಸುಬಿನಿಂದ ಇನ್ನೊಂದು ಊರಿನ ಬೆಳಗನ್ನೇ ಬದಲಾಯಿಸಿಬಿಟ್ಟರು. ಆ ಒಲೆ ಮುಂದೆ ನಿಂತಾಗ ನನಗೆ ಇದು ನೆನಪಾಗುತ್ತಲೇ ಇತ್ತು.

ಸಸ್ಯಾಹಾರಿಗಳಿಗೆ ಒಂದು ಮಾತು. ಉಪ್ಪು ಹಾಲಿನಲ್ಲಿ ಸೀಗಡಿ ಇರುವುದರಿಂದ ಅದು ಆಗುವುದಿಲ್ಲ. ಸಿಹಿ ಹಾಲು ಧಾರಾಳವಾಗಿ ಕುಡಿಯಬಹುದು, ಬಿಸಿಯದೂ ಇದೆ ತಣ್ಣಗಿನದೂ ಇದೆ. ರೊಟ್ಟಿಗೆ ಯಾವ ಕೊಬ್ಬು ಬಳಸಿದ್ದಾರೆ ಅಂತ ಕೇಳಿಕೊಂಡು ತಗೊಳ್ಳಿ. ಕಟ್ಟುನಿಟ್ಟಿನವರಾದರೆ ಬೋರ್ಡಿನ ಮೇಲೆ ಸ್ವಸ್ತಿಕದ ಗುರುತಿರುವ ಅಂಗಡಿ ಹುಡುಕಿ, ಅದು ಬೌದ್ಧ ಸಸ್ಯಾಹಾರದ ಗುರುತು. ಇಂಥ ಕಡೆ ಬಹಳಷ್ಟು ಅಡುಗೆಗೆ ಈರುಳ್ಳಿ ಬೆಳ್ಳುಳ್ಳಿ ಕೂಡ ಹಾಕುವುದಿಲ್ಲ. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ ಇದು ದೊಡ್ಡ ನೆಮ್ಮದಿ.

ಒಬ್ಬರಿಗೆ 150 ತೈವಾನ್ ಡಾಲರ್ ಒಳಗೆ, ಅಂದರೆ ಸುಮಾರು 450 ರೂಪಾಯಿ ಒಳಗೆ ಹೊಟ್ಟೆ ತುಂಬುತ್ತದೆ. ನಗದು ಇಟ್ಟುಕೊಂಡಿರಿ. ಆರ್ಡರ್ ಮಾಡುವ ಕಡೆ ಕೆಲಸ ಬಹಳ ಚುರುಕು, ಹಾಗಾಗಿ ಏನು ಬೇಕು ಅಂತ ಕ್ಯೂನಲ್ಲೇ ತೀರ್ಮಾನ ಮಾಡಿಕೊಳ್ಳಿ. ಬೆಳಿಗ್ಗೆ 5:30ಕ್ಕೆ ತೆಗೆದು ಮಧ್ಯಾಹ್ನ 12:30ಕ್ಕೆ ಮುಚ್ಚುತ್ತಾರೆ. ಸೋಮವಾರ ರಜೆ.