ಡಬ್ಬದ ಬೆಲೆ ಬೇರೆ, ಆಡುವ ಬೆಲೆ ಬೇರೆ

ನನ್ನ ಹತ್ತಿರ ನೀಲಿ ರಟ್ಟಿನ ಒಂದು ನೋಟ್‌ಬುಕ್ ಇದೆ. 2020ರ ಕೊನೆಗೆ ಹೊಸ ಕನ್ಸೋಲ್‌ಗಳು, ಅಂದರೆ ಟಿವಿಗೆ ಜೋಡಿಸಿ ಆಡುವ ಆಟದ ಡಬ್ಬಗಳು, ಬಂದಾಗಿನಿಂದ ಆಟಕ್ಕೆ ಅಂತ ಹಾಕಿದ ಪ್ರತಿ ಕಾಸಿನ ಲೆಕ್ಕವೂ ಅದರಲ್ಲಿದೆ. ಯಾವ ಆಟ, ಡಿಸ್ಕೋ ಡೌನ್‌ಲೋಡೋ, ಎಷ್ಟು ಗಂಟೆ ಆಡಿದೆ, ಆಮೇಲೆ ಅದು ಯಾರ ಕೈಗೆ ಹೋಯಿತು, ಎಲ್ಲ. "ಯಾವುದು ತಗೊಳ್ಳಲಿ?" ಅಂತ ಯಾರಾದರೂ ಕೇಳಿದರೆ ನಾನು ಆ ನೋಟ್‌ಬುಕ್ ತೆರೆದೇ ಮಾತಾಡುವುದು.

ಮನೆಯಲ್ಲಿ ಎರಡು ಡಬ್ಬಗಳಿವೆ. ನನ್ನದು ಡಿಸ್ಕ್ ಹಾಕುವ ಪ್ಲೇಸ್ಟೇಷನ್ 5. ತಂಗಿಯದು ಎಕ್ಸ್‌ಬಾಕ್ಸ್ ಸೀರೀಸ್ ಎಸ್. ಇವೆರಡೂ ಸಾಲದು ಅಂತ, ಡಬ್ಬವೇ ಬೇಡ ಅನ್ನುವ ಕ್ಲೌಡ್ ಗೇಮಿಂಗನ್ನು ಹಳೆಯ ಲ್ಯಾಪ್‌ಟಾಪ್‌ನಲ್ಲಿ ಮೂರು ತಿಂಗಳು ಆಡಿ ನೋಡಿದೆ. ಬೆಲೆಗಳನ್ನು ಅಮೆರಿಕದ ಡಾಲರ್‌ನಲ್ಲೇ ಹೇಳುತ್ತೇನೆ. ಕಂಪನಿಗಳು ದೊಡ್ಡದಾಗಿ ಸಾರುವುದು ಅದನ್ನೇ, ಒಂದಕ್ಕೊಂದು ಹೋಲಿಸುವುದೂ ಸುಲಭ.

2020ರ ನವೆಂಬರ್‌ನಲ್ಲಿ ಬಂದಾಗ ಪ್ಲೇಸ್ಟೇಷನ್ 5 ಡಿಸ್ಕ್ ಮಾದರಿಗೆ 499 ಡಾಲರ್, ಡಿಸ್ಕ್ ಇಲ್ಲದ್ದಕ್ಕೆ 399. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ಗೂ 499. ಸೀರೀಸ್ ಎಸ್ ಮಾತ್ರ 299. ನಾಲ್ಕು ಡಬ್ಬ, ಮೂರು ಬೆಲೆ. ಆಗ ಎಲ್ಲರೂ ಮಾತಾಡಿದ್ದು ಗ್ರಾಫಿಕ್ಸ್ ಬಗ್ಗೆ, ಚಿಪ್‌ನ ವೇಗ ಎಷ್ಟು ಟೆರಾಫ್ಲಾಪ್ ಅನ್ನುವುದರ ಬಗ್ಗೆ. ನನ್ನನ್ನು ಕಾಡಿದ್ದು ಆ 399 ಮತ್ತು 499ರ ನಡುವಿನ ನೂರು ಡಾಲರ್. ಎರಡೂ ಡಬ್ಬಗಳ ಒಳಗಿನ ಚಿಪ್ ಒಂದೇ, ಮೆಮೊರಿ ಒಂದೇ. ಒಂದು ಡಿಸ್ಕ್ ಡ್ರೈವ್‌ಗೆ ನೂರು ಡಾಲರ್ ಆಗುತ್ತದಾ? ಬಿಡಿಭಾಗದ ಬೆಲೆ ಅಷ್ಟಿರುವುದಿಲ್ಲ ಅಂತ ಯಾರಿಗಾದರೂ ಅನ್ನಿಸುತ್ತದೆ ಅಲ್ವಾ. ಹಾಗಿದ್ದರೆ ಡಿಸ್ಕ್ ಇಲ್ಲದ ಡಬ್ಬವನ್ನು ಅಷ್ಟು ಕಡಿಮೆಗೆ ಯಾಕೆ ಕೊಡುತ್ತಾರೆ?

ಉತ್ತರ ಅಂಗಡಿಯಲ್ಲಿದೆ. ಕನ್ಸೋಲ್ ಕಂಪನಿಗಳು ಡಬ್ಬದ ಮೇಲೆ ಹೆಚ್ಚು ಲಾಭ ಇಟ್ಟುಕೊಳ್ಳುವುದಿಲ್ಲ, ಎಷ್ಟೋ ಸಲ ನಷ್ಟಕ್ಕೇ ಮಾರುತ್ತವೆ. ದುಡ್ಡು ಬರುವುದು ಆಟಗಳಿಂದ. ಅವರ ಆನ್‌ಲೈನ್ ಅಂಗಡಿಯಲ್ಲಿ ಮಾರಾಟವಾಗುವ ಪ್ರತಿ ಆಟದಲ್ಲಿ ಸುಮಾರು 30 ಶೇಕಡ ಅವರ ಪಾಲು. ಆಗಿನ ಡಿಸ್ಕ್ ಇಲ್ಲದ ಡಬ್ಬ ಕೊಂಡವರಿಗೆ ಬೇರೆ ಅಂಗಡಿಯೇ ಇಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವ ಹಾಗಿಲ್ಲ, ಗೆಳೆಯರಿಂದ ತರುವ ಹಾಗಿಲ್ಲ, ಆಡಿ ಮುಗಿಸಿದ್ದನ್ನು ಮಾರುವ ಹಾಗಿಲ್ಲ. ಮೊದಲ ದಿನ ಉಳಿಸಿದ ನೂರು ಡಾಲರನ್ನು ಮುಂದಿನ ಐದು ವರ್ಷದಲ್ಲಿ ನಿಧಾನವಾಗಿ ಅವರಿಗೇ ವಾಪಸ್ ಕಟ್ಟುತ್ತೇವೆ.

ನನ್ನ ನೋಟ್‌ಬುಕ್ ಇದನ್ನೇ ಹೇಳುತ್ತದೆ. ಈವರೆಗೆ 14 ಆಟಗಳನ್ನು ಡಿಸ್ಕ್‌ನಲ್ಲಿ ಕೊಂಡಿದ್ದೇನೆ. ಅದರಲ್ಲಿ 9 ಸೆಕೆಂಡ್ ಹ್ಯಾಂಡ್. ಮುಗಿಸಿದ 6 ಆಟಗಳನ್ನು ಮತ್ತೆ ಮಾರಿದ್ದೇನೆ. ಇನ್ನು ಗೆಳೆಯರೊಂದಿಗೆ ಅದಲುಬದಲು ಮಾಡಿ ಆಡಿದ್ದಕ್ಕೆ ಲೆಕ್ಕವೇ ಇಲ್ಲ. ಈ ತಲೆಮಾರಿನಲ್ಲಿ ದೊಡ್ಡ ಆಟಗಳ ಬೆಲೆ 60ರಿಂದ 70 ಡಾಲರ್‌ಗೆ ಏರಿತು. 2025ರಲ್ಲಿ ನಿಂಟೆಂಡೊದ ಸ್ವಿಚ್ 2 ಕನ್ಸೋಲ್ ಜೊತೆಗೆ ಬಂದ ಮಾರಿಯೊ ಕಾರ್ಟ್ ವರ್ಲ್ಡ್‌ಗೆ ಸುಮಾರು 80 ಡಾಲರ್ ಇಟ್ಟರು. ಹೀಗಿರುವಾಗ ಡಿಸ್ಕ್ ಹಾಕುವ ಆ ಸಣ್ಣ ಸೀಳಿಗೆ ಕೊಟ್ಟ ನೂರು ಡಾಲರ್ ನನಗೆ ಎರಡನೇ ವರ್ಷದ ಒಳಗೇ ತೀರಿತು. ನಾನು ಕೊಂಡ ವಸ್ತುಗಳಲ್ಲಿ ಇಷ್ಟು ಚೆನ್ನಾಗಿ ದುಡಿದದ್ದು ಇನ್ನೊಂದಿಲ್ಲ.

ತಂಗಿಯ ಸೀರೀಸ್ ಎಸ್ ಬಗ್ಗೆಯೂ ಪ್ರೀತಿಯಿಂದಲೇ ಹೇಳಬೇಕು. ಚಿಕ್ಕದು, ತಣ್ಣಗಿರುತ್ತದೆ, ಸದ್ದೇ ಇಲ್ಲ. ಅವಳದು ಸಣ್ಣ ಟಿವಿ. ಅಷ್ಟು ದೂರದಲ್ಲಿ ಕೂತು ನೋಡಿದರೆ ನನ್ನ ಡಬ್ಬಕ್ಕೂ ಅವಳದಕ್ಕೂ ಚಿತ್ರದಲ್ಲಿ ವ್ಯತ್ಯಾಸ ಹುಡುಕಬೇಕು. ಜಾಗದ ವಿಷಯ ಮಾತ್ರ ಗೊತ್ತಿರಲಿ. ಮೊದಲು ಬಂದ ಸೀರೀಸ್ ಎಸ್‌ನಲ್ಲಿ 512 ಜಿಬಿ ಅಂತ ಬರೆದಿರುತ್ತದೆ, ಆಟಗಳಿಗೆ ಸಿಗುವುದು ಸುಮಾರು 364 ಜಿಬಿ. ಈಗಿನ ಕೆಲವು ಆಟಗಳು ಒಂದೊಂದೇ 100 ಜಿಬಿ ದಾಟುತ್ತವೆ. ಅಂಥವು ಮೂರು ಹಾಕಿದರೆ ಮುಗಿಯಿತು. ತಂಗಿ ಒಂದು ಸಲಕ್ಕೆ ಒಂದೇ ಆಟ ಹಿಡಿದು ಕೊನೆಯ ತನಕ ಆಡುವವಳು, ಹಾಗಾಗಿ ಅವಳಿಗೆ ಸಾಕು. ದಿನಕ್ಕೊಂದು ಆಟ ತೆರೆಯುವವರಿಗೆ ಇದರ ಜೊತೆಗೆ ಜಾಗ ಹೆಚ್ಚಿಸುವ ಸ್ಟೋರೇಜ್ ಕಾರ್ಡಿನ ಬೆಲೆಯನ್ನೂ ಸೇರಿಸಿಕೊಳ್ಳಬೇಕು.

ಈ ತಲೆಮಾರಿನಲ್ಲಿ ನನಗೆ ನಿಜಕ್ಕೂ ಬೇಸರ ತಂದದ್ದು ಬೆಲೆ ಇಳಿಯದೇ ಇರುವುದು. ಹಿಂದೆ ಕಾದವರಿಗೆ ಫಲ ಸಿಗುತ್ತಿತ್ತು. ಪ್ಲೇಸ್ಟೇಷನ್ 2 ಬಂದಾಗ 299 ಡಾಲರ್. 2002ಕ್ಕೆ 199 ಆಯಿತು, 2009ಕ್ಕೆ 99. ಪ್ಲೇಸ್ಟೇಷನ್ 3 ಅಂತೂ 2006ರಲ್ಲಿ 499 ಮತ್ತು 599 ಡಾಲರ್‌ಗೆ ಬಂದು ಏಟು ತಿಂದಿತು. ಅದೇ ಹೊತ್ತಿಗೆ ಎದುರಾಳಿ ನಿಂಟೆಂಡೊ ವೀ ಬರೀ 249ಕ್ಕೆ ಸಿಗುತ್ತಿತ್ತು. ಮೂರು ವರ್ಷದಲ್ಲಿ ಪ್ಲೇಸ್ಟೇಷನ್ 3ರ ಬೆಲೆ 299ಕ್ಕೆ ಇಳಿಯಿತು. 2013ರಲ್ಲಿ ಕಿನೆಕ್ಟ್ ಅನ್ನುವ ಕ್ಯಾಮೆರಾ ಸೇರಿಸಿ 499ಕ್ಕೆ ಬಂದ ಎಕ್ಸ್‌ಬಾಕ್ಸ್ ಒನ್, ಎದುರಿಗಿದ್ದ 399ರ ಪ್ಲೇಸ್ಟೇಷನ್ 4ರ ಮುಂದೆ ನಿಲ್ಲಲಾರದೆ, ಮರುವರ್ಷವೇ ಕಿನೆಕ್ಟ್ ಬಿಟ್ಟು 399ಕ್ಕೆ ಇಳಿಯಿತು. ಪೈಪೋಟಿ ಅಂದರೆ ಅದು. ಕೊಳ್ಳುವವರಿಗೆ ಅದರಿಂದ ಒಳ್ಳೆಯದಾಗುತ್ತಿತ್ತು.

ಈಗ ಗಾಡಿ ಹಿಂದಕ್ಕೆ ಓಡುತ್ತಿದೆ. ಮೊದಲೆಲ್ಲ ವರ್ಷ ಕಳೆದಂತೆ ಚಿಪ್ ಚಿಕ್ಕದಾಗುತ್ತಿತ್ತು, ಅಗ್ಗವೂ ಆಗುತ್ತಿತ್ತು. ಈಗ ಚಿಕ್ಕದಾದರೂ ಅಷ್ಟು ಅಗ್ಗವಾಗುತ್ತಿಲ್ಲ. 2022ರ ಆಗಸ್ಟ್‌ನಲ್ಲಿ ಅಮೆರಿಕ ಬಿಟ್ಟು ಬಹಳಷ್ಟು ಕಡೆ ಪ್ಲೇಸ್ಟೇಷನ್ 5ರ ಬೆಲೆ ಏರಿಸಿದರು. 2025ರ ಆಗಸ್ಟ್‌ನಲ್ಲಿ ಅಮೆರಿಕದಲ್ಲೂ 50 ಡಾಲರ್ ಏರಿತು. ಡಿಸ್ಕ್ ಮಾದರಿ 549, ನಡುವೆ ಆಗಲೇ ಒಮ್ಮೆ ಏರಿದ್ದ ಡಿಸ್ಕ್ ಇಲ್ಲದ್ದು 499. ಅಂದರೆ ಐದು ವರ್ಷ ಹಳೆಯ ಯಂತ್ರ, ಬಂದ ದಿನಕ್ಕಿಂತ ದುಬಾರಿ. ಎಕ್ಸ್‌ಬಾಕ್ಸ್ ಅದೇ ವರ್ಷ ಎರಡು ಸಲ ಏರಿಸಿತು. ಅಕ್ಟೋಬರ್ ಹೊತ್ತಿಗೆ ಸೀರೀಸ್ ಎಕ್ಸ್ 649, ನಮ್ಮ ತಂಗಿಯ 299ರ ಸೀರೀಸ್ ಎಸ್ 399. ಪ್ಲೇಸ್ಟೇಷನ್ 5 ಪ್ರೊ 2024ರಲ್ಲಿ 699ಕ್ಕೆ ಬಂತು, ಅದೂ ಡಿಸ್ಕ್ ಡ್ರೈವ್ ಇಲ್ಲದೆ. ಡ್ರೈವ್ ಬೇಕಾದರೆ ಇನ್ನೊಂದು 80. "ಸ್ವಲ್ಪ ಕಾಯಿರಿ, ಬೆಲೆ ಇಳಿಯುತ್ತದೆ" ಅಂತ 2021ರಲ್ಲಿ ನಾನೇ ಇಬ್ಬರಿಗೆ ಹೇಳಿದ್ದೆ. ಆ ಮಾತಿಗೆ ಈಗಲೂ ಮನಸ್ಸು ಚುರ್ ಅನ್ನುತ್ತದೆ.

ಹೀಗೆ ಡಬ್ಬ ದುಬಾರಿಯಾದಾಗ ಕ್ಲೌಡ್ ಕಡೆ ಕಣ್ಣು ಹೋಗುವುದು ಸಹಜ. ಆಟ ಎಲ್ಲೋ ದೂರದ ಸರ್ವರ್‌ನಲ್ಲಿ ಓಡುತ್ತದೆ. ಅದರ ಚಿತ್ರ ವಿಡಿಯೊ ಆಗಿ ನಮಗೆ ಬರುತ್ತದೆ. ನಾವು ಒತ್ತಿದ ಬಟನ್ ಅಲ್ಲಿಗೆ ಹೋಗುತ್ತದೆ. ಹಳೆಯ ಲ್ಯಾಪ್‌ಟಾಪ್ ಇದ್ದರೂ ಸಾಕು. ನಾನು ಆರಿಸಿಕೊಂಡ ಸೇವೆಯ ಹೆಸರು ಇಲ್ಲಿ ಬೇಡ.

ಮೊದಲ ವಾರ ನಾನು ನಿಜಕ್ಕೂ ಬೆರಗಾದೆ. ಫ್ಯಾನ್ ಕೂಡ ತಿರುಗದ ಲ್ಯಾಪ್‌ಟಾಪ್‌ನಲ್ಲಿ ಅಷ್ಟು ದೊಡ್ಡ ಆಟ! ನಿಧಾನಕ್ಕೆ ಯೋಚಿಸಿ ಆಡುವ ಆಟಗಳು, ಸರದಿಯ ಆಟಗಳು, ಒಗಟಿನ ಆಟಗಳು ಸರಾಗವಾಗಿ ನಡೆದವು. ಆಮೇಲೆ ಒಂದು ಹೊಡೆದಾಟದ ಆಟ ತೆರೆದೆ. ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ, ಓಡುವ ಆಟದಲ್ಲಿ ಒಂದು ಫ್ರೇಮ್ ಅಂದರೆ 16.7 ಮಿಲಿಸೆಕೆಂಡ್. ನನ್ನ ಬೆರಳಿನ ಸುದ್ದಿ ಸರ್ವರ್‌ಗೆ ಹೋಗಿ, ಚಿತ್ರ ತಯಾರಾಗಿ, ಕುಗ್ಗಿ, ಪಯಣ ಮಾಡಿ, ಮತ್ತೆ ಬಿಚ್ಚಿಕೊಳ್ಳುವಷ್ಟರಲ್ಲಿ ನಾಲ್ಕೈದು ಫ್ರೇಮ್ ಕಳೆದಿರುತ್ತವೆ. ತಡೆಯಬೇಕಾದ ಏಟು ಬಿದ್ದು ಆಗಿರುತ್ತದೆ. ವೈಫೈ ಬಿಟ್ಟು ಕೇಬಲ್ ಹಾಕಿದ ಮೇಲೆ ತುಂಬಾ ಸುಧಾರಿಸಿತು. ಪೂರ್ತಿ ಹೋಗಲಿಲ್ಲ.

ಎರಡನೇ ತಿಂಗಳಲ್ಲಿ ಒಂದು ರಾತ್ರಿ ಒಂದು ಅಧ್ಯಾಯದ ಕೊನೆಗೆ ಬಂದಿದ್ದೆ. ಸಂಪರ್ಕ ಕಡಿಯಿತು. ಮತ್ತೆ ಒಳಗೆ ಹೋಗುವಷ್ಟರಲ್ಲಿ ನನ್ನ ಸರದಿ ಬೇರೆಯವರಿಗೆ ಹೋಗಿತ್ತು, ಕ್ಯೂನಲ್ಲಿ ಕಾಯಬೇಕಾಯಿತು. ಆ ಆಟ ಗೊತ್ತಾದ ಜಾಗಗಳಲ್ಲಿ ಮಾತ್ರ ಸೇವ್ ಆಗುತ್ತಿತ್ತು. 40 ನಿಮಿಷದ ಆಟ ಹೋಯಿತು. ದಿನಕ್ಕೆ ಒಂದೂವರೆ ಗಂಟೆ ಬಿಡುವು ಸಿಗುವವಳಿಗೆ ಆ 40 ನಿಮಿಷ ಸಣ್ಣದಲ್ಲ.

ಕ್ಲೌಡ್‌ನ ಖರ್ಚನ್ನು ಲೆಕ್ಕ ಹಾಕುವಾಗ ಜನ ಡೇಟಾವನ್ನು ಮರೆಯುತ್ತಾರೆ. 1080ಪಿ (ಫುಲ್ ಎಚ್‌ಡಿ) ಚಿತ್ರ, 60 ಫ್ರೇಮ್‌ಗೆ ಸೆಕೆಂಡಿಗೆ 25 ಮೆಗಾಬಿಟ್ ವೇಗ ಬೇಕು ಅಂದುಕೊಳ್ಳಿ. ಅಷ್ಟೂ ಬಳಕೆಯಾದರೆ ಗಂಟೆಗೆ 11 ಜಿಬಿಗಿಂತ ಜಾಸ್ತಿ. ದಿನಕ್ಕೆ ಒಂದೂವರೆ ಗಂಟೆ ಆಡಿದರೂ ತಿಂಗಳಿಗೆ 500 ಜಿಬಿ ದಾಟಬಹುದು. ಡೇಟಾಗೆ ಮಿತಿ ಇರುವ ಕಡೆ ಇದು ಕನ್ಸೋಲ್‌ಗಿಂತ ದುಬಾರಿಯಾಗಿ ಕೂರುತ್ತದೆ.

ಚಂದಾ ಬೆಲೆಯೂ ನಿಂತಲ್ಲಿ ನಿಲ್ಲುವುದಿಲ್ಲ. ಕ್ಲೌಡ್ ಸೇರಿದಂತೆ ಎಲ್ಲ ಇರುವ ಎಕ್ಸ್‌ಬಾಕ್ಸ್‌ನ ಚಂದಾ ಸೇವೆ ಗೇಮ್ ಪಾಸ್ ಅಲ್ಟಿಮೇಟ್ 2019ರಲ್ಲಿ ತಿಂಗಳಿಗೆ 15 ಡಾಲರ್ ಇತ್ತು. 17 ಆಯಿತು, 20 ಆಯಿತು, 2025ರ ಅಕ್ಟೋಬರ್‌ನಲ್ಲಿ ಒಂದೇ ಏಟಿಗೆ 30. ಆ ದರದಲ್ಲಿ ವರ್ಷಕ್ಕೆ 360 ಡಾಲರ್. ಸೀರೀಸ್ ಎಸ್ ಬಂದ ದಿನದ ಬೆಲೆಯೇ 299! ತಿಂಗಳಿಗೆ ನಾಲ್ಕೈದು ಹೊಸ ಆಟ ಮುಟ್ಟುವವರಿಗೆ ಆ ದರದಲ್ಲೂ ಲಾಭ ಇರಬಹುದು. ನಾನು ವರ್ಷಕ್ಕೆ ಮುಗಿಸುವುದು ಐದೋ ಆರೋ.

ಇನ್ನು ಕ್ಲೌಡ್‌ನಲ್ಲಿ ಕೊಂಡ ಆಟ ಯಾರದ್ದು? ಗೂಗಲ್‌ನ ಕ್ಲೌಡ್ ಸೇವೆ ಸ್ಟೇಡಿಯಾ 2019ರ ನವೆಂಬರ್‌ನಲ್ಲಿ ಶುರುವಾಗಿ 2023ರ ಜನವರಿ 18ಕ್ಕೆ ಮುಚ್ಚಿತು. ಆಟಗಳಿಗೂ ಯಂತ್ರಗಳಿಗೂ ಕೊಟ್ಟ ದುಡ್ಡು ವಾಪಸ್ ಕೊಟ್ಟರು, ಕಂಟ್ರೋಲರ್ ಬ್ಲೂಟೂತ್‌ನಲ್ಲಿ ಕೆಲಸ ಮಾಡುವ ಹಾಗೆಯೂ ಮಾಡಿಕೊಟ್ಟರು. ಅದು ದೊಡ್ಡ ಮನಸ್ಸು, ಒಪ್ಪುತ್ತೇನೆ. ಅದಕ್ಕೂ ಮೊದಲು 2010ರಲ್ಲಿ ಬಂದ ಆನ್‌ಲೈವ್ ಕೂಡ 2015ರಲ್ಲಿ ಬಾಗಿಲು ಹಾಕಿತ್ತು. ಈ ದೃಷ್ಟಿಯಿಂದ ಎನ್ವಿಡಿಯಾದ ಕ್ಲೌಡ್ ಸೇವೆ ಜಿಫೋರ್ಸ್ ನೌ ಹಿಡಿದ ದಾರಿ ನನಗೆ ಹೆಚ್ಚು ಹಿಡಿಸಿತು. ಅಲ್ಲಿ ಬಾಡಿಗೆಗೆ ಸಿಗುವುದು ಕಂಪ್ಯೂಟರ್ ಮಾತ್ರ. ಆಟವನ್ನು ಸ್ಟೀಮ್‌ನಂಥ ಅಂಗಡಿಯಲ್ಲಿ ನಮ್ಮ ಖಾತೆಗೆ ಕೊಂಡಿರುತ್ತೇವೆ. ನಾಳೆ ಬಾಡಿಗೆ ನಿಲ್ಲಿಸಿದರೂ ಆಟ ಖಾತೆಯಲ್ಲೇ ಇರುತ್ತದೆ, ಒಳ್ಳೆಯ ಕಂಪ್ಯೂಟರ್ ಬಂದ ದಿನ ಅದರಲ್ಲೇ ಆಡಬಹುದು. ತಿಂಗಳಿಗೆ 100 ಗಂಟೆಯ ಮಿತಿ ಇದೆ. ನನ್ನಂಥವರಿಗೆ ಅದು ಧಾರಾಳ.

ಹಾಗಾಗಿ ಈಗ ಕೇಳಿದವರಿಗೆ ನಾನು ಹೇಳುವುದು ಇಷ್ಟು. ಡಿಸ್ಕ್ ಸಿಗುವ, ಮಾರುವ, ಬದಲಾಯಿಸುವ ಜನ ಸುತ್ತ ಇದ್ದರೆ ಡಿಸ್ಕ್ ಇರುವ ಡಬ್ಬವನ್ನೇ ಕೊಳ್ಳಿ, ಹಳೆಯದಾದರೂ ಪರವಾಗಿಲ್ಲ. ಒಂದೆರಡೇ ಉಚಿತ ಆಟ ಆಡುವವರಿಗೆ ಸೀರೀಸ್ ಎಸ್ ಈಗಲೂ ಸಾಕು, ಆದರೆ ಏರಿದ ಬೆಲೆ ಕೊಟ್ಟು ಹೊಸದು ಬೇಡ, ಸೆಕೆಂಡ್ ಹ್ಯಾಂಡ್ ಹುಡುಕಿ. ಕ್ಲೌಡ್ ಬೇಕೆನ್ನುವವರು ಒಂದೇ ತಿಂಗಳಿಗೆ ಕಟ್ಟಿ, ರಾತ್ರಿ ಎಲ್ಲರೂ ಇಂಟರ್ನೆಟ್ ಬಳಸುವ ಹೊತ್ತಿನಲ್ಲೇ ಆಡಿ ನೋಡಿ. ಬೆಳಗಿನ ಜಾವ ಎಲ್ಲವೂ ಚೆನ್ನಾಗಿಯೇ ಓಡುತ್ತದೆ.

ಕ್ಲೌಡ್ ಚಂದಾ ನಾನು ಮೂರನೇ ತಿಂಗಳ ಕೊನೆಗೆ ನಿಲ್ಲಿಸಿದೆ. ಅಂದು ಅರ್ಧಕ್ಕೆ ನಿಂತ ಆ ಆಟದ ಡಿಸ್ಕನ್ನು ಕಳೆದ ವಾರ ಗೆಳತಿಯಿಂದ ತಂದೆ. ನೋಟ್‌ಬುಕ್ಕಿನಲ್ಲಿ ಅದರ ಮುಂದೆ ಸೊನ್ನೆ ಅಂತ ಬರೆದಿದ್ದೇನೆ. ಭಾನುವಾರದ ಒಳಗೆ ಮುಗಿಸಿ ಅವಳಿಗೆ ವಾಪಸ್ ಕೊಡಬೇಕು.