ಒಂದೇ ನಕ್ಷೆಯ ಸುತ್ತ ಮೂರು ವಿಭಾಗಗಳು: ಅಂತರ್‌ಶಿಸ್ತೀಯ ನಿಕಾಯವೊಂದರ ವಿಮರ್ಶೆ

ವಿನ್ಯಾಸ, ಭೂದೃಶ್ಯ ವಾಸ್ತುಶಿಲ್ಪ (ಉದ್ಯಾನ, ಬಯಲುಗಳಂಥ ಹೊರಾಂಗಣ ಜಾಗಗಳನ್ನು ರೂಪಿಸುವ ವಿದ್ಯೆ) ಮತ್ತು ಕಾನೂನನ್ನು ಒಂದೇ ನಿಕಾಯದಡಿ ಕಲಿಸುವ ವಿಶ್ವವಿದ್ಯಾಲಯವೊಂದರಲ್ಲಿ ನಾನು ಭೂದೃಶ್ಯ ವಾಸ್ತುಶಿಲ್ಪವನ್ನು ಮುಖ್ಯ ವಿಷಯವಾಗಿಯೂ ಉಳಿದೆರಡನ್ನು ಪೂರಕ ವಿಷಯಗಳಾಗಿಯೂ ಓದಿದ್ದೇನೆ. ಇಂಥ ನಿಕಾಯಗಳ ಪ್ರಚಾರ ಪುಸ್ತಿಕೆಗಳು ವಿಷಯಗಳ ಸಂಗಮದ ಬಗ್ಗೆ ಧಾರಾಳವಾಗಿ ಮಾತನಾಡುತ್ತವೆ. ಆದರೆ ಮೂರು ವಿಭಾಗಗಳು ಒಂದೇ ಕಟ್ಟಡದಲ್ಲಿದ್ದ ಮಾತ್ರಕ್ಕೆ ಅವು ಕೂಡಿ ಕಲಿಸುತ್ತವೆ ಎಂದು ನಂಬಬೇಕಾಗಿಲ್ಲ. ನಾನು ಕಂಡಂತೆ ಅಲ್ಲಿನ ಜಂಟಿ ಸ್ಟುಡಿಯೊ, ಅಂದರೆ ಬೇರೆ ಬೇರೆ ವಿಭಾಗದವರು ಒಂದೇ ನಕ್ಷೆಯ ಮೇಲೆ ಕೂಡಿ ಕೆಲಸ ಮಾಡುವ ತರಗತಿ, ಅತ್ಯುತ್ತಮವಾಗಿತ್ತು, ಬಿಡಿ ತರಗತಿಗಳು ಸಾಧಾರಣವಾಗಿದ್ದವು, ವೇಳಾಪಟ್ಟಿ ಮತ್ತು ಮೌಲ್ಯಮಾಪನದ ವ್ಯವಸ್ಥೆ ಕಳಪೆಯಾಗಿತ್ತು.

ಜಂಟಿ ಸ್ಟುಡಿಯೊದಲ್ಲಿ ಪ್ರತಿ ಅವಧಿಗೂ ನಿಜವಾದ ಒಂದು ಜಾಗವನ್ನು ಕೊಡುತ್ತಾರೆ. ಅದರ ಏರುತಗ್ಗುಗಳನ್ನು ಅಳೆದು, ಒಂದೇ ಎತ್ತರದ ಬಿಂದುಗಳನ್ನು ಜೋಡಿಸುವ ಸಮೋನ್ನತಿ ರೇಖೆಗಳನ್ನು ಎಳೆದು, ಮಳೆಯ ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂಬುದನ್ನು ಗುರುತಿಸಿದ ಮೇಲೆಯೇ ವಿನ್ಯಾಸದ ಮಾತು. ನನ್ನ ಗುಂಪು ಒಮ್ಮೆ ಜಾಗದ ತಗ್ಗಿನ ಮೂಲೆಯಲ್ಲಿ ಒಂದು ಕೊಳವನ್ನು ಬರೆದಿತ್ತು. ಭೂದೃಶ್ಯದ ಅಧ್ಯಾಪಕರು ಇಳಿಜಾರನ್ನು ಮೆಚ್ಚಿಕೊಂಡು ಸುಮ್ಮನಾದರು. ಪಕ್ಕದಲ್ಲಿದ್ದ ಕಾನೂನಿನ ಅಧ್ಯಾಪಕರು ಕೊಳದ ದಂಡೆಗೂ ಗಡಿಗೆರೆಗೂ ನಡುವೆ ಬೆರಳಿಟ್ಟು, ‘ಇದು ಒಡೆದರೆ ಉತ್ತರ ಹೇಳುವವರು ಯಾರು?’ ಎಂದು ಕೇಳಿದರು. ಆ ವಾರದ ಓದಿಗೆ ಬಂದದ್ದು ಇಂಗ್ಲೆಂಡಿನ ರೈಲ್ಯಾಂಡ್ಸ್ ಮತ್ತು ಫ್ಲೆಚರ್ ಪ್ರಕರಣ. ಗಿರಣಿಗಾಗಿ ಕಟ್ಟಿಸಿದ ಜಲಾಶಯದ ನೀರು ಹಳೆಯ ಗಣಿಬಾವಿಗಳ ಮೂಲಕ ನೆರೆಯವನ ಕಲ್ಲಿದ್ದಲು ಗಣಿಗೆ ನುಗ್ಗಿದಾಗ, ಗಿರಣಿಯ ಮಾಲೀಕನ ಸ್ವಂತ ಅಜಾಗರೂಕತೆ ಸಾಬೀತಾಗದಿದ್ದರೂ ಹೊಣೆ ಅವನದೇ ಎಂದು ಅಲ್ಲಿನ ಅಂದಿನ ಅತ್ಯುನ್ನತ ನ್ಯಾಯಾಲಯವಾದ ಹೌಸ್ ಆಫ್ ಲಾರ್ಡ್ಸ್ 1868ರಲ್ಲಿ ತೀರ್ಪು ನೀಡಿತು. ಇದನ್ನು ಓದಿದ ಬಳಿಕ ನಾವು ಕೊಳವನ್ನು ಕೈಬಿಡಲಿಲ್ಲ. ಹೆಚ್ಚುವರಿ ನೀರು ಹೊರಹೋಗುವ ಕೋಡಿಯನ್ನೂ ನೆರೆಯ ಜಾಗದಿಂದ ಇರಬೇಕಾದ ಅಂತರವನ್ನೂ ನಕ್ಷೆಯಲ್ಲೇ ಸೇರಿಸಿದೆವು. ಬರೀ ಕಾನೂನು ತರಗತಿಯಲ್ಲಿ ಇದೇ ಪ್ರಕರಣವನ್ನು ಓದಿದ್ದರೆ ಪರೀಕ್ಷೆ ಮುಗಿದ ಮರುದಿನ ಮರೆತುಹೋಗುತ್ತಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಪ್ರಕರಣಗಳ ಆಯ್ಕೆಯಲ್ಲಿ ಅಧ್ಯಾಪಕರು ತೋರಿದ ಅಭಿರುಚಿಯನ್ನು ವಿಶೇಷವಾಗಿ ಹೇಳಬೇಕು. ಲಂಡನ್ನಿನ ಲೆಸ್ಟರ್ ಸ್ಕ್ವೇರ್ ಉದ್ಯಾನವನ್ನು ತೆರೆದ ಉದ್ಯಾನವಾಗಿಯೇ ಉಳಿಸಿಕೊಳ್ಳಬೇಕೆಂಬ ಕರಾರಿನೊಂದಿಗೆ ಟಲ್ಕ್ ಎಂಬಾತ 1808ರಲ್ಲಿ ಮಾರಿದ್ದ. ಕರಾರಿನ ವಿಷಯ ತಿಳಿದೇ ಮುಂದೆ ಅದನ್ನು ಕೊಂಡ ಮಾಕ್ಸ್‌ಹೇ ಅಲ್ಲಿ ಕಟ್ಟಡ ಕಟ್ಟುವಂತಿಲ್ಲ ಎಂದು 1848ರಲ್ಲಿ ತೀರ್ಮಾನವಾಯಿತು. ಉದ್ಯಾನವೊಂದು ಕೈಯಿಂದ ಕೈಗೆ ದಾಟಿದರೂ ಉದ್ಯಾನವಾಗಿಯೇ ಉಳಿಯುವುದಕ್ಕೆ ಕಾನೂನು ಕೊಟ್ಟ ಆಸರೆ ಇದು. ಇದಕ್ಕೆ ಎದುರಾಗಿ ನಿಲ್ಲುವುದು ಶಿಕಾಗೊದ ಪ್ರಕರಣ. ಕಲಾವಿದ ಚಾಪ್‌ಮನ್ ಕೆಲ್ಲಿ 1984ರಲ್ಲಿ ಗ್ರಾಂಟ್ ಪಾರ್ಕಿನಲ್ಲಿ ಕಾಡುಹೂಗಳ ದೊಡ್ಡ ಅಂಡಾಕಾರದ ಪಾತಿಗಳನ್ನು ರಚಿಸಿದ್ದ. 2004ರಲ್ಲಿ ಉದ್ಯಾನ ಮಂಡಳಿ ಅವುಗಳನ್ನು ಅರ್ಧಕ್ಕಿಂತ ಚಿಕ್ಕದಾಗಿಸಿ ಆಯತಾಕಾರಕ್ಕೆ ತಂದಿತು. ಕೆಲ್ಲಿ ಹೂಡಿದ ಮೊಕದ್ದಮೆಯಲ್ಲಿ, ಜೀವಂತ ಉದ್ಯಾನಕ್ಕೆ ಕೃತಿಸ್ವಾಮ್ಯಕ್ಕೆ (ಕಾಪಿರೈಟ್) ಬೇಕಾದ ಕರ್ತೃತ್ವವೂ ಸ್ಥಿರ ರೂಪವೂ ಇಲ್ಲವೆಂದು ಮೇಲ್ಮನವಿ ನ್ಯಾಯಾಲಯ 2011ರಲ್ಲಿ ಹೇಳಿತು. ಬೆಳೆಯುವ, ಬಾಡುವ ವಸ್ತುವಿನಿಂದ ಕೆಲಸ ಮಾಡುವವರೆಲ್ಲ ಈ ತೀರ್ಪನ್ನು ಓದಲೇಬೇಕು. ಅಂದಿನ ಚರ್ಚೆಯಲ್ಲಿ ವಿನ್ಯಾಸದ ವಿದ್ಯಾರ್ಥಿಗಳು ಕೆರಳಿದರು, ಕಾನೂನಿನವರು ತಣ್ಣಗೆ ತೀರ್ಪನ್ನು ಸಮರ್ಥಿಸಿದರು, ಗಿಡಗಳ ಗುಣ ಬಲ್ಲ ನಾವು ಎರಡೂ ಕಡೆಗೆ ಸ್ವಲ್ಪ ಸ್ವಲ್ಪ ವಾಲಿದೆವು.

ಭೂದೃಶ್ಯ ವಿಭಾಗದ ಬಿಡಿ ತರಗತಿಗಳಲ್ಲಿ ಇತಿಹಾಸಕ್ಕೆ ಅಗತ್ಯಕ್ಕಿಂತ ಹೆಚ್ಚು ಸಮಯ ಹೋಗುತ್ತದೆ. ಆದರೂ ಉದ್ಯಾನ ವಿನ್ಯಾಸಕರಾದ ಓಮ್‌ಸ್ಟೆಡ್ ಮತ್ತು ವಾಕ್ಸ್ 1858ರ ಸ್ಪರ್ಧೆಯಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿಗೆ ಕೊಟ್ಟ ಯೋಜನೆಯ ಪಾಠ ಚೆನ್ನಾಗಿತ್ತು: ಉದ್ಯಾನವನ್ನು ಅಡ್ಡ ಹಾಯುವ ರಸ್ತೆಗಳು ಇರಲೇಬೇಕೆಂಬ ಸ್ಪರ್ಧೆಯ ಷರತ್ತನ್ನು ಅವರು ಒಪ್ಪಿಕೊಂಡೇ, ಆ ರಸ್ತೆಗಳನ್ನು ನೆಲಮಟ್ಟದಿಂದ ಕೆಳಗಿಳಿಸಿ, ನಡೆದಾಡುವವರ ಕಣ್ಣಿಗೆ ಬೀಳದಂತೆ ಮಾಡಿದ್ದರು. ವಿನ್ಯಾಸ ವಿಭಾಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಾದರಿ ತಯಾರಿಸುವ ಕಾರ್ಯಾಗಾರ ಸುಸಜ್ಜಿತವಾಗಿತ್ತು, ಉಪನ್ಯಾಸಗಳು ಪೇಲವವಾಗಿದ್ದವು.

ಇನ್ನು ದೂರುಗಳು. ಸ್ಟುಡಿಯೊದ ಜ್ಯೂರಿಯನ್ನೂ (ನಕ್ಷೆಗಳನ್ನು ಅಧ್ಯಾಪಕರ ಮುಂದಿಟ್ಟು ವಿವರಿಸುವ ಪರೀಕ್ಷೆ) ಕಾನೂನಿನ ಅಣಕು ನ್ಯಾಯಾಲಯವನ್ನೂ ಪ್ರತಿ ಬಾರಿ ಒಂದೇ ವಾರದಲ್ಲಿ ಇಡುತ್ತಿದ್ದರು. ರಾತ್ರಿಯಿಡೀ ಹಾಳೆಗಳಿಗೆ ಬಣ್ಣ ತುಂಬಿದವರು ಬೆಳಗ್ಗೆ ಎದ್ದು ವಾದ ಮಂಡಿಸಬೇಕಾಗಿತ್ತು. ಮನವಿ ಕೊಟ್ಟರೆ ಪ್ರತಿ ವಿಭಾಗವೂ ಇನ್ನೊಂದರ ಕಡೆಗೆ ಕೈ ತೋರಿಸುತ್ತಿತ್ತು. ಅದಕ್ಕಿಂತ ಗಂಭೀರವಾದದ್ದು ಅಂಕಗಳ ವಿಚಾರ. ಜಂಟಿ ಸ್ಟುಡಿಯೊದಲ್ಲಿ ಕಾನೂನಿನ ಅಧ್ಯಾಪಕರು ವಾರಗಟ್ಟಲೆ ಕುಳಿತು ತಿದ್ದಿದರೂ ಅಂತಿಮ ಅಂಕಪಟ್ಟಿಗೆ ಭೂದೃಶ್ಯ ವಿಭಾಗದವರ ಸಹಿ ಮಾತ್ರ ಬೀಳುತ್ತಿತ್ತು. ಹೀಗಾಗಿ ಜಾಣ ವಿದ್ಯಾರ್ಥಿಗಳು ಕಾನೂನಿನ ಟಿಪ್ಪಣಿಯನ್ನು ಕೊನೆಯ ಹಾಳೆಗೆ ತಳ್ಳಿ, ನೋಡಲು ಚೆಂದವಿರುವ ಚಿತ್ರಗಳಿಗೇ ಶ್ರಮವನ್ನು ಮೀಸಲಿಟ್ಟರು. ಅವರನ್ನು ದೂಷಿಸಲು ನನಗೆ ಮನಸ್ಸಿಲ್ಲ.

ಮೂರನ್ನೂ ಓದಿದವರಿಗೆ ಮೂರು ವೃತ್ತಿಗಳ ಬಾಗಿಲೂ ತೆರೆಯುತ್ತದೆ ಎಂಬ ಭ್ರಮೆ ಬೇಡ. ವಕೀಲಿಕೆಗೆ ಆಯಾ ದೇಶದ ವಕೀಲರ ಮಂಡಳಿ ಒಪ್ಪುವ ಪೂರ್ಣ ಪದವಿ ಬೇಕು, ಹಲವು ದೇಶಗಳಲ್ಲಿ ವಾಸ್ತುಶಿಲ್ಪಿ ಎಂದು ಕರೆದುಕೊಳ್ಳುವುದಕ್ಕೂ ನೋಂದಣಿ ಬೇಕು. ಪೂರಕ ವಿಷಯವಾಗಿ ಓದಿದ ಕಾನೂನು ಗುತ್ತಿಗೆಯ ಕರಡನ್ನು ಅರ್ಥಮಾಡಿಕೊಳ್ಳಲು, ಯೋಜನಾ ಪ್ರಾಧಿಕಾರದ ಆಕ್ಷೇಪಕ್ಕೆ ಸರಿಯಾದ ಉತ್ತರ ಬರೆಯಲು ಮತ್ತು ಯಾವಾಗ ವಕೀಲರನ್ನು ಕರೆಯಬೇಕೆಂದು ತಿಳಿಯಲು ಸಾಲುತ್ತದೆ. ನನ್ನ ಈಗಿನ ಕೆಲಸದಲ್ಲಿ ಅಷ್ಟೇ ಬೇಕಾಗಿತ್ತು. ನ್ಯಾಯಾಲಯದ ಮೆಟ್ಟಿಲು ಹತ್ತುವ ಆಸೆಯಿದ್ದವರು ನೇರವಾಗಿ ಕಾನೂನು ಕಾಲೇಜಿಗೆ ಸೇರುವುದು ಒಳ್ಳೆಯದು.

ಇಂಥ ನಿಕಾಯಕ್ಕೆ ಸೇರಲು ಯೋಚಿಸುತ್ತಿರುವವರು ಪುಸ್ತಿಕೆಯನ್ನು ಬದಿಗಿಟ್ಟು, ಹಿಂದಿನ ವರ್ಷದ ಜಂಟಿ ಸ್ಟುಡಿಯೊದ ಕಾರ್ಯಸೂಚಿಯನ್ನು ಕೇಳಿ ಪಡೆಯಲಿ. ಅದರಲ್ಲಿ ಎಷ್ಟು ವಾರ ಇಬ್ಬರು ಅಧ್ಯಾಪಕರು ಒಟ್ಟಿಗೆ ತರಗತಿಯಲ್ಲಿರುತ್ತಾರೆ, ಜ್ಯೂರಿಯಲ್ಲಿ ಯಾವ ಯಾವ ವಿಭಾಗದವರು ಕೂರುತ್ತಾರೆ, ಅಂಕಪಟ್ಟಿಗೆ ಯಾರು ಸಹಿ ಹಾಕುತ್ತಾರೆ ಎಂಬುದನ್ನು ವಿಚಾರಿಸಲಿ. ಮೂರನೆಯ ಪ್ರಶ್ನೆಗೆ ಒಂದೇ ವಿಭಾಗದ ಹೆಸರು ಬಂದರೆ, ಆ ವಿಷಯವನ್ನಷ್ಟೇ ಕಲಿಸುವ ಬೇರೆ ಕಾಲೇಜುಗಳೊಂದಿಗೆ ಶುಲ್ಕವನ್ನು ಹೋಲಿಸಿ ನೋಡಿದ ನಂತರವೇ ಅರ್ಜಿ ತುಂಬಲಿ.